ಉಬ್ಬರ ಬೇರೆ, ಅಬ್ಬರ ಬೇರೆ

ಮಳೆಗಾಲ ಶುರುವಾದರೆ ಸಾಕು, ‘ಕಡಲಲ್ಲಿ ಉಬ್ಬರವಿಳಿತ ಹೆಚ್ಚಾಗಿದೆ, ಪ್ರವಾಸಿಗರು ನೀರಿಗಿಳಿಯಬಾರದು’ ಎಂಬ ಸುದ್ದಿ ಬಂದೇ ಬರುತ್ತದೆ. ಜೊತೆಗಿನ ವಿಡಿಯೊದಲ್ಲಿ ಕಾಣುವುದು ತಡೆಗೋಡೆಗೆ ಬಂದು ಅಪ್ಪಳಿಸುವ ಅಲೆ. ಅದಕ್ಕೆ ಅಬ್ಬರ ಅನ್ನಬೇಕು. ಒಂದಕ್ಷರ ತಾನೇ ಅಂತ ಬಿಟ್ಟುಬಿಡುವ ಹಾಗಿಲ್ಲ. ಎರಡರ ಕಾರಣ ಬೇರೆ, ವೇಳೆ ಬೇರೆ, ಅಪಾಯವೂ ಬೇರೆ.

ಉಬ್ಬರ ಬಂದದ್ದು ‘ಉಬ್ಬು’ವಿನಿಂದ. ಊಟ ಜಾಸ್ತಿಯಾದರೆ ಹೊಟ್ಟೆ ಉಬ್ಬರಿಸುತ್ತದೆ, ಬೆಲೆ ಏರುತ್ತಾ ಹೋದರೆ ಹಣದುಬ್ಬರ. ಎಲ್ಲ ಕಡೆಯೂ ಅರ್ಥ ಒಂದೇ: ಮೆಲ್ಲಗೆ ಏರುವುದು, ಹಿಗ್ಗುವುದು. ಅದರಲ್ಲಿ ಸದ್ದಿಲ್ಲ. ‘ಇಳಿ’ಯಿಂದ ಇಳಿತ. ಎರಡೂ ಸೇರಿ, ನಡುವೆ ವಕಾರ ಬಂದು ಉಬ್ಬರವಿಳಿತ. ಅಬ್ಬರ ಅಂದರೆ ಆರ್ಭಟ, ಗದ್ದಲ. ಗಾಳಿ ಮಳೆಗೆ ಅಬ್ಬರ ಇರುತ್ತದೆ, ಚುನಾವಣಾ ಪ್ರಚಾರಕ್ಕೂ ಇರುತ್ತದೆ. ಹೊಟ್ಟೆ ಅಬ್ಬರಿಸಿತು ಅಂತ ಯಾರೂ ಹೇಳುವುದಿಲ್ಲ. ಕಡಲಿನ ಮಾತು ಬಂದಾಗ ಮಾತ್ರ ಯಾಕೆ ಎರಡನ್ನೂ ಕಲಸಿಬಿಡಬೇಕು?

ಅಲೆ ಏಳುವುದು ಗಾಳಿಯಿಂದ. ಉಬ್ಬರವಿಳಿತ ಚಂದ್ರ, ಸೂರ್ಯರ ಸೆಳೆತದಿಂದ. ಗಾಳಿ ನಿಂತರೆ ಅಬ್ಬರ ಇಳಿಯುತ್ತದೆ, ಉಬ್ಬರ ಮಾತ್ರ ತನ್ನ ವೇಳೆಗೆ ಬಂದೇ ಬರುತ್ತದೆ. ನಮ್ಮ ಕರಾವಳಿಯಲ್ಲಿ ಸುಮಾರು 24 ಗಂಟೆ 50 ನಿಮಿಷಕ್ಕೆ ಎರಡು ಉಬ್ಬರ, ಎರಡು ಇಳಿತ. ಎರಡೂ ಉಬ್ಬರ ಒಂದೇ ಎತ್ತರಕ್ಕೆ ಏರುವುದಿಲ್ಲ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ನೀರು ಜಾಸ್ತಿ ಏರುತ್ತದೆ, ಜಾಸ್ತಿ ಇಳಿಯುತ್ತದೆ. ಅಷ್ಟಮಿಯ ಹೊತ್ತಿಗೆ ಎರಡೂ ಕಡಿಮೆ. ಹಾಗಾಗಿ ‘ಉಬ್ಬರವಿಳಿತ ಹೆಚ್ಚಾಗಿದೆ’ ಅನ್ನುವ ಮಾತಿಗೂ ಒಂದು ಸರಿಯಾದ ಸಂದರ್ಭವಿದೆ. ಮಳೆಗಾಲದ ಸುದ್ದಿಯಲ್ಲಿ ಹೇಳಹೊರಟಿರುವುದು ಅದನ್ನಲ್ಲ.

ಪದದ ಅರ್ಥ ಕಣ್ಣಿಂದಲೇ ನೋಡಬೇಕಿದ್ದರೆ ಇಳಿತದ ಹೊತ್ತಿಗೆ ಬಂಡೆಗಳಿರುವ ದಡಕ್ಕೆ ಹೋಗಬೇಕು. ಕಾಪುವಿನಲ್ಲಿ 1901ರ ದೀಪಸ್ತಂಭ ನಿಂತಿರುವ ಬಂಡೆಗಳಿವೆ. ಮಲ್ಪೆಯಿಂದ ದೋಣಿ ಹತ್ತಿದರೆ ಸೇಂಟ್ ಮೇರೀಸ್ ದ್ವೀಪದ ಕಂಬದಂಥ ಕಲ್ಲುಗಳಿವೆ, ಸುಮಾರು 8.8 ಕೋಟಿ ವರ್ಷ ಹಿಂದೆ ಲಾವಾ ಆರಿ ಆದದ್ದು. ನೀರು ಹಿಂದೆ ಸರಿದ ಮೇಲೆ ಇಂಥ ಬಂಡೆಗಳ ತಗ್ಗಿನಲ್ಲಿ ಉಳಿಯುತ್ತದಲ್ವಾ, ಆ ಹೊಂಡಗಳನ್ನು ‘ನಿಂತ ನೀರು’ ಅಂತ ದಾಟಿ ಹೋಗುವವರೇ ಜಾಸ್ತಿ. ಅದು ನಿಂತ ನೀರಲ್ಲ. ಆರೇಳು ಗಂಟೆಯೊಳಗೆ ಕಡಲು ಮತ್ತೆ ಬಂದು ಬದಲಾಯಿಸಿಕೊಡುವ ನೀರು.

ಬಂಡೆಯ ಮೇಲೆ ಕೈಯಿಟ್ಟರೆ ತರಚುವ ಬಿಳಿ ಗಂಟುಗಳಿರುತ್ತವೆ. ಕಲ್ಲಿನದೇ ಚೂರು ಅಂದುಕೊಳ್ಳುತ್ತೇವೆ. ಅದು ಬಾರ್ನಕಲ್, ಏಡಿ ಸಿಗಡಿಗಳ ನೆಂಟ. ಮರಿಯಾಗಿದ್ದಾಗ ಈಜಿಕೊಂಡು ಬಂದು, ತಲೆಯನ್ನು ಬಂಡೆಗೆ ಅಂಟಿಸಿ, ಸುತ್ತ ಸುಣ್ಣದ ಗೂಡು ಕಟ್ಟಿಕೊಂಡರೆ ಮತ್ತೆ ಜಾಗ ಬಿಡುವುದಿಲ್ಲ. ಉಬ್ಬರದ ನೀರು ಮೇಲೆ ಬಂದಾಗ ಗೂಡಿನ ತುದಿಯ ಬಾಗಿಲು ತೆರೆಯುತ್ತದೆ. ಗರಿಯಂಥ ಕಾಲುಗಳು ಹೊರಬಂದು, ನೀರಲ್ಲಿ ತೇಲುವ ಕಣ್ಣಿಗೆ ಕಾಣದ ಜೀವಿಗಳನ್ನು ಬಾಚಿ ಒಳಗೆಳೆದುಕೊಳ್ಳುತ್ತವೆ. ನೀರು ಇಳಿದರೆ ಬಾಗಿಲು ಬಂದ್, ಒಳಗೆ ಉಳಿದ ತೇವದಲ್ಲೇ ಬದುಕು. ಬಂಡೆಯ ಮೇಲ್ಭಾಗದಲ್ಲಿ ನೆಲೆಯಾದವಕ್ಕೆ ದೊಡ್ಡ ಉಬ್ಬರ ಬಂದರೆ ಮಾತ್ರ ಊಟ. ಅಷ್ಟಮಿ ಬಂತೆಂದರೆ ಉಪವಾಸ. ಬಂಡೆಯಲ್ಲಿ ಯಾವ ಜೀವ ಎಲ್ಲಿರಬೇಕು ಅನ್ನುವುದನ್ನೂ ಬಹುಪಾಲು ನೀರಿನ ಮಟ್ಟವೇ ತೀರ್ಮಾನಿಸುತ್ತದೆ: ಮೇಲೆ ಒಣಗಿದರೂ ತಡೆಯುವ ಪುಟ್ಟ ಬಸವನಹುಳು, ಕೆಳಗೆ ಊರವರು ಸಾರಿಗೆ ಕಿತ್ತು ತರುವ ಪಚ್ಚಿಲೆ ಎಂಬ ಚಿಪ್ಪುಜೀವಿ.

ಹೊಂಡದೊಳಗಿನವಕ್ಕೆ ಒಣಗುವ ಭಯ ಕಡಿಮೆ, ಬೇರೆ ಕಷ್ಟಗಳಿವೆ. ಮಧ್ಯಾಹ್ನದ ಬಿಸಿಲಿಗೆ ನೀರು ಕಾದು, ಆವಿಯಾಗಿ, ಉಪ್ಪು ಏರುತ್ತದೆ. ಜೋರು ಮಳೆ ಬಂದರೆ ಅದೇ ಹೊಂಡ ಸಪ್ಪೆಯಾಗುತ್ತದೆ. ಹಗಲು ಪಾಚಿ ಆಮ್ಲಜನಕ ಬಿಡುತ್ತದೆ, ರಾತ್ರಿ ಅದೂ ಉಸಿರಾಡುವುದರಿಂದ ಕೊರತೆ ಬೀಳುತ್ತದೆ. ಇಷ್ಟರ ನಡುವೆಯೂ ಅಲ್ಲಿ ಖಾಲಿ ಶಂಖ ಹೊತ್ತ ಸನ್ಯಾಸಿ ಏಡಿ ಓಡಾಡುತ್ತದೆ, ನೆರಳು ಬಿದ್ದರೆ ಪುಟ್ಟ ಮೀನು ಬಿರುಕಿಗೆ ನುಗ್ಗುತ್ತದೆ. ನೀರಿನಲ್ಲಿ ಹೂವಿನಂತೆ ಅರಳಿರುವ ಸೀ ಅನಿಮೋನ್, ನೀರು ಬತ್ತಿದರೆ ಬೆರಳುಗಳನ್ನೆಲ್ಲ ಒಳಗೆಳೆದುಕೊಂಡು ಲೋಳೆ ಮುದ್ದೆಯಾಗಿ ಕೂರುತ್ತದೆ. ದಯವಿಟ್ಟು ಕಡ್ಡಿ ಹಾಕಿ ಕೆದಕಬೇಡಿ. ಕಲ್ಲು ಮಗುಚಿ ನೋಡಿದರೆ ಮತ್ತೆ ಮೊದಲಿನ ಹಾಗೇ ಇಡಿ. ಇಲ್ಲದಿದ್ದರೆ ಅಡಿಯಲ್ಲಿ ನೆರಳು ಹುಡುಕಿ ಕೂತವು ಬಿಸಿಲಿಗೆ ಸಾಯುತ್ತವೆ.

ಪದ ಕಲಸಿಹೋದರೆ ಅಪಾಯವೂ ಮರೆಯಾಗುತ್ತದೆ. ಉಬ್ಬರ ಅಂದರೆ ದೊಡ್ಡ ಅಲೆ ಅಂದುಕೊಂಡವರು ಡಿಸೆಂಬರಿನ ಶಾಂತ ಕಡಲು ನೋಡಿ, ಉಬ್ಬರವೇ ಇಲ್ಲ ಅಂದುಕೊಳ್ಳುತ್ತಾರೆ. ಇಳಿತದಲ್ಲಿ ಕಾಲು ನೆನೆಯದೆ ದೂರದ ಬಂಡೆಗೆ ಹೋಗಿ ಫೋಟೊ ತೆಗೆಯುತ್ತಾ ನಿಲ್ಲುತ್ತಾರೆ. ಹಿಂದಿನ ತಗ್ಗಿನಲ್ಲಿ ನೀರು ಸದ್ದಿಲ್ಲದೆ ತುಂಬಿರುತ್ತದೆ. ಮಂಗಳೂರಿನ ಆಸುಪಾಸು ಏರಿಳಿತದ ಅಂತರ ಸುಮಾರು ಒಂದೂವರೆ ಮೀಟರ್. ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ 8 ಮೀಟರ್ ದಾಟುವುದುಂಟು, ಅದಕ್ಕೆ ಹೋಲಿಸಿದರೆ ನಮ್ಮದು ಚಿಕ್ಕದೇ. ಆದರೆ ಈಜು ಬಾರದವರಿಗೆ ಒಂದೂವರೆ ಮೀಟರ್ ಧಾರಾಳ ಸಾಕು.

ಉಬ್ಬರ, ಅಬ್ಬರ ಎರಡೂ ಒಟ್ಟಿಗೆ ಬರುವ ದಿನಗಳೂ ಇವೆ. ಆಷಾಢದ ಅಮಾವಾಸ್ಯೆಗೆ ಗಾಳಿಯೂ ಜೋರಾದರೆ, ಏರಿದ ನೀರಿನ ಮೇಲೆ ಅಲೆ ಹತ್ತಿ ಬಂದು ತೆಂಗಿನ ಬುಡ ಕೊರೆಯುತ್ತದೆ. ಕಡಲ್ಕೊರೆತದ ಸುದ್ದಿ ಬರೆಯುವಾಗ ಎರಡೂ ಪದ ಬೇಕು, ಅದದರ ಜಾಗದಲ್ಲಿ. ಅಲೆ ದೊಡ್ಡದಾಗಿದ್ದರೆ ‘ಅಲೆಗಳ ಅಬ್ಬರ’ ಅಂತ ಬರೆಯಿರಿ. ಉಬ್ಬರದ ಬಗ್ಗೆ ಬರೆಯುವುದಾದರೆ ಎಷ್ಟು ಗಂಟೆಗೆ ಅನ್ನುವುದನ್ನೂ ಸೇರಿಸಿ. ಅದನ್ನು ಮೊದಲೇ ಲೆಕ್ಕ ಹಾಕಿದ ಪಟ್ಟಿ ಸಿಗುತ್ತದೆ.