ಘಾನಾದಲ್ಲಿ ಗಡುವು ಮೊದಲು ಬಂತು, ಅಳತೆ ಆಮೇಲೆ

ಒಂದು ಕಟ್ಟಡದೊಳಗೆ ಅಂಗವಿಕಲರು ಯಾರ ಕೈಯೂ ಹಿಡಿಯದೆ ಹೋಗಿ ಬರಬಹುದಾ ಅಂತ ನೋಡಿ ವರದಿ ಕೊಡುವುದು ನನ್ನ ಕೆಲಸ. ಈ ಕಸುಬಿನಲ್ಲಿ ಇರುವವರು ಪಶ್ಚಿಮ ಆಫ್ರಿಕಾದ ಘಾನಾ ದೇಶದ ಕಾಯ್ದೆಯ ಕತೆಯನ್ನು ತಿಳಿದುಕೊಂಡಿರಬೇಕು. ಎಲ್ಲೆಲ್ಲಿ ಎಡವಬಹುದೋ ಅಲ್ಲೆಲ್ಲ ಎಡವಿದ ಕತೆ ಅದು.

ಘಾನಾ 2006ರಲ್ಲೇ ಅಂಗವಿಕಲರಿಗಾಗಿ ಪ್ರತ್ಯೇಕ ಕಾಯ್ದೆ ಮಾಡಿತು. ನಮ್ಮ ಈಗಿನ ಕಾಯ್ದೆಗಿಂತ ಹತ್ತು ವರ್ಷ ಮೊದಲು. ಜನ ಬಳಸುವ ಜಾಗಗಳೆಲ್ಲ ಅವರಿಗೂ ತೆರೆದಿರಬೇಕು ಅಂತ ಅದು ಹೇಳಿತು. ಇದ್ದ ಕಟ್ಟಡಗಳನ್ನು ಸರಿಪಡಿಸಲು ಹತ್ತು ವರ್ಷ ಕಾಲಾವಕಾಶವನ್ನೂ ಕೊಟ್ಟಿತು. ಗಡುವು 2016ರಲ್ಲಿ ಮುಗಿಯಿತು. ಎಷ್ಟೋ ಶಾಲೆ, ಕಚೇರಿ, ಆಸ್ಪತ್ರೆಗಳ ಮೆಟ್ಟಿಲು ಮಾತ್ರ ಹಾಗೇ ಇದ್ದವು.

ಬಡ ದೇಶ, ದುಡ್ಡಿಲ್ಲ ಅಂತ ಹೇಳಿಬಿಡುವುದು ಸುಲಭ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ರ‍್ಯಾಂಪ್ ಎಷ್ಟು ಉದ್ದ, ಬಾಗಿಲು ಎಷ್ಟು ಅಗಲ, ಶೌಚಾಲಯದ ಹಿಡಿ ಎಷ್ಟು ಎತ್ತರದಲ್ಲಿ ಇರಬೇಕು ಅಂತ ಹೇಳುವ ರಾಷ್ಟ್ರೀಯ ಮಾನದಂಡ ಅಲ್ಲಿ ಹೊರಬಂದದ್ದೂ 2016ರಲ್ಲೇ. ಅಂದರೆ ಗಡುವು ಮುಗಿದ ವರ್ಷ! ಹತ್ತು ವರ್ಷ ಜನರಿಗೆ ಕೊಟ್ಟಿದ್ದು ಬರೀ 'ಮಾಡಿ' ಅನ್ನುವ ಮಾತು. ಹೇಗೆ ಮಾಡಬೇಕು ಅನ್ನುವುದು ಅವರವರ ಊಹೆಗೆ ಬಿಟ್ಟದ್ದು.

ಅಳತೆ ಇಲ್ಲದಿದ್ದರೆ ಏನಾಗುತ್ತದೆ ನೋಡಿ. ಬಾಗಿಲಿಗೆ ಮೂರು ಮೆಟ್ಟಿಲು, ಒಂದೊಂದು 15 ಸೆಂ.ಮೀ. ಅಂದುಕೊಳ್ಳಿ. ಒಟ್ಟು 45 ಸೆಂ.ಮೀ. ಎತ್ತರ. ಒಂದು ಅಡಿ ಏರಲು 12 ಅಡಿ ಉದ್ದ ಬೇಕು ಅನ್ನುವುದು ಹಲವು ದೇಶಗಳು ಒಪ್ಪಿಕೊಂಡ ಲೆಕ್ಕ. ಹಾಗಾಗಿ ಇಲ್ಲಿ ರ‍್ಯಾಂಪ್ 5.4 ಮೀಟರ್ ಆಗಬೇಕು. ಗುತ್ತಿಗೆದಾರ ಎರಡು ಮೀಟರಿನಲ್ಲಿ ಕೆಲಸ ಮುಗಿಸುತ್ತಾನೆ. ಫೋಟೊದಲ್ಲಿ ರ‍್ಯಾಂಪ್ ಚೆನ್ನಾಗೇ ಕಾಣುತ್ತದೆ, ಬಿಲ್ಲೂ ಪಾಸಾಗುತ್ತದೆ. ವೀಲ್‌ಚೇರ್‌ನಲ್ಲಿ ಬಂದವರು ಅರ್ಧಕ್ಕೆ ಏರುವಷ್ಟರಲ್ಲಿ ಮುಂದಿನ ಚಕ್ರ ಮೇಲೇಳುತ್ತದೆ, ಕುರ್ಚಿ ಹಿಂದಕ್ಕೆ ವಾಲುತ್ತದೆ. ಆಮೇಲೆ ಅದು ಸಿಬ್ಬಂದಿಯ ಬೈಕ್ ಹತ್ತಿಸುವುದಕ್ಕೆ ಬಳಕೆಯಾಗುತ್ತದೆ. ಇದು ಘಾನಾದ ರಾಜಧಾನಿ ಅಕ್ರಾದ ಸಮಸ್ಯೆಯೂ ಹೌದು, ನಮ್ಮ ತಾಲ್ಲೂಕು ಕಚೇರಿಗಳದ್ದೂ ಹೌದು.

ಕಟ್ಟಡ ಸರಿಯಾದರೂ ಅಲ್ಲಿವರೆಗೆ ಹೋಗುವುದು ಹೇಗೆ ಅನ್ನುವ ಪ್ರಶ್ನೆ ಉಳಿಯುತ್ತದೆ. ಅಕ್ರಾದಲ್ಲಿ ಎಷ್ಟೋ ರಸ್ತೆಗಳ ಅಂಚಿನಲ್ಲಿ ಬಾಯ್ತೆರೆದ ಆಳದ ಚರಂಡಿಗಳಿವೆ. ಅಂಗಡಿಯ ಮುಂದೆ ದಾಟಲು ಒಂದು ಹಲಗೆಯೋ ಚಪ್ಪಡಿಯೋ ಇರುತ್ತದೆ, ಅಷ್ಟೇ. ಕಣ್ಣು ಕಾಣದವರು ಬಿಳಿ ಕೋಲು ಊರುವಾಗ ಆ ಹಲಗೆ ಎಲ್ಲಿದೆ ಅಂತ ಗೊತ್ತಾಗಬೇಕಲ್ವಾ? ಜನ ಓಡಾಡುವ ಟ್ರೊಟ್ರೊ ಮಿನಿಬಸ್ಸುಗಳ ಒಳಗೆ ಸೀಟು ಒತ್ತೊತ್ತು, ಮೆಟ್ಟಿಲು ಎತ್ತರ. ಟಾಂಜಾನಿಯಾದ ದಾರ್ ಎಸ್ ಸಲಾಮ್‌ನಲ್ಲಿ 2016ರಲ್ಲಿ ಶುರುವಾದ ವೇಗದ ಬಸ್ಸಿಗೆ ಮಾತ್ರ ನಿಲ್ದಾಣದ ಕಟ್ಟೆ ಮತ್ತು ಬಸ್ಸಿನ ನೆಲ ಒಂದೇ ಮಟ್ಟದಲ್ಲಿವೆ. ಹೊಸದಾಗಿ ಕಟ್ಟುವಾಗಲೇ ಯೋಚಿಸಿದರೆ ಖರ್ಚು ಕಡಿಮೆ ಅನ್ನುವುದಕ್ಕೆ ಅದು ಒಳ್ಳೆ ಸಾಕ್ಷಿ.

ನನ್ನ ಪ್ರಕಾರ ದೂರದ ಗಡುವಿಗಿಂತ ಕಟ್ಟಡದ ಪರವಾನಗಿಗೆ ಬಲ ಜಾಸ್ತಿ. ನಕ್ಷೆಗೆ ಸಹಿ ಹಾಕುವವನು ಬೇಡ ಅಂದರೆ ಕೆಲಸ ಅಲ್ಲೇ ನಿಲ್ಲುತ್ತದೆ. ಘಾನಾದಲ್ಲಿ ಆ ಅಧಿಕಾರ ಸ್ಥಳೀಯ ಆಡಳಿತದ ಕೈಯಲ್ಲಿದೆ. ನಮ್ಮ 2016ರ ಕಾಯ್ದೆಯಲ್ಲೂ ನಿಯಮ ಪಾಲಿಸದ ನಕ್ಷೆಗೆ ಅನುಮತಿ ಇಲ್ಲ ಅಂತಿದೆ. ಆದರೆ ನಮ್ಮ ನಿಯಮಗಳು ಬರೀ ಸಲಹೆಯ ಹಾಗಿವೆ ಅಂತ 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕಡ್ಡಾಯ ನಿಯಮ ಮಾಡಿ ಅಂತ ಸರ್ಕಾರಕ್ಕೆ ಸೂಚಿಸಿತು. ಘಾನಾವನ್ನು ನೋಡಿ ನಗುವ ಸ್ಥಿತಿಯಲ್ಲಿ ನಾವೇನೂ ಇಲ್ಲ.

ಇದರಲ್ಲಿ ಉಗಾಂಡ ಬೇರೆ ದಾರಿ ಹಿಡಿದಿದೆ. ಅಲ್ಲಿ ಸಂಸತ್ತಿನಲ್ಲಿ ಅಂಗವಿಕಲರಿಗೆ ಐದು ಸ್ಥಾನ ಮೀಸಲು. 1997ರ ಸ್ಥಳೀಯ ಆಡಳಿತ ಕಾಯ್ದೆ ಬಂದ ಮೇಲೆ ಸ್ಥಳೀಯ ಮಂಡಳಿಗಳಲ್ಲೂ ಇಬ್ಬರು, ಒಬ್ಬ ಮಹಿಳೆ ಮತ್ತು ಒಬ್ಬ ಪುರುಷ. ಈ ಸದಸ್ಯರು ಆಳುವ ಪಕ್ಷದ ಮಾತು ಮೀರುವುದಿಲ್ಲ ಅನ್ನುವ ದೂರು ಇದೆ, ಸುಮ್ನೆ ತಳ್ಳಿಹಾಕುವ ದೂರಲ್ಲ. ಆದರೂ ಶಾಲೆಯ ಶೌಚಾಲಯಕ್ಕೆ ಹಣ ಹಂಚುವ ಸಭೆಯಲ್ಲಿ ಊರುಗೋಲು ಹಿಡಿದು ಬಂದ ಸದಸ್ಯೆ ಕೂತಿದ್ದರೆ ಬಾಗಿಲಿನ ಅಗಲದ ಮಾತು ಬಂದೇ ಬರುತ್ತದೆ. ನಮ್ಮ ಪಂಚಾಯಿತಿಗಳಲ್ಲಿ ಅಂಗವಿಕಲರಿಗೆ ನೆರವಾಗಲು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇದ್ದಾರೆ. ಅವರು ಅರ್ಜಿ ತುಂಬಿಸುತ್ತಾರೆ, ಪಂಚಾಯಿತಿ ಸಭೆಯಲ್ಲಿ ವೋಟು ಹಾಕುವುದಿಲ್ಲ.

ಇಡೀ ಖಂಡಕ್ಕೆ ಅನ್ವಯಿಸಲೆಂದು ಆಫ್ರಿಕನ್ ಒಕ್ಕೂಟ 2018ರ ಜನವರಿಯಲ್ಲಿ ಅಂಗವಿಕಲರ ಹಕ್ಕುಗಳ ಒಪ್ಪಂದ ಮಾಡಿತು. ಜಾರಿಗೆ 15 ದೇಶಗಳ ಒಪ್ಪಿಗೆ ಬೇಕಿತ್ತು. ಅಷ್ಟು ಕೂಡಿ ಅದು ಜಾರಿಯಾದದ್ದು 2024ರಲ್ಲಿ. ಆಲ್ಬಿನಿಸಂ (ಹುಟ್ಟಿನಿಂದಲೇ ಚರ್ಮ, ಕೂದಲಿಗೆ ಬಣ್ಣ ಕಡಿಮೆ ಇರುವ ಸ್ಥಿತಿ) ಇರುವವರ ಮೇಲಿನ ಹಲ್ಲೆಯಂಥ, ಆ ಖಂಡದಲ್ಲಿ ನಿಜಕ್ಕೂ ನಡೆಯುವ ಸಂಗತಿಗಳನ್ನು ಅದು ಗಮನಕ್ಕೆ ತೆಗೆದುಕೊಂಡಿದೆ. ವಿಶ್ವಸಂಸ್ಥೆಯ ಒಪ್ಪಂದದಲ್ಲಿ ಇದು ಇಷ್ಟು ನೇರವಾಗಿ ಇಲ್ಲ.

ಅಕ್ರಾದ ಅಧ್ಯಕ್ಷರ ಭವನ ಭಾರತದ ಸಾಲದಲ್ಲಿ 2008ರಲ್ಲಿ ಎದ್ದದ್ದು. ನಮ್ಮ ಕಂಪನಿಗಳು, ಎಂಜಿನಿಯರ್‌ಗಳು ಇವತ್ತಿಗೂ ಆಫ್ರಿಕಾದಲ್ಲಿ ಕಟ್ಟುತ್ತಿದ್ದಾರೆ. ಅಂಥ ಕೆಲಸದಲ್ಲಿ ಇರುವವರು ಟೆಂಡರ್‌ಗೆ ಮೊದಲೇ ಆ ದೇಶದ ಮಾನದಂಡದ ಪ್ರತಿ ಕೇಳಿ ಪಡೆಯಿರಿ. ರ‍್ಯಾಂಪ್, ಕೈ ಹಿಡಿಯುವ ಕಂಬಿ, ಶೌಚಾಲಯಗಳನ್ನು 'ಇತರೆ' ಅನ್ನುವ ಸಾಲಿನಲ್ಲಿ ಸೇರಿಸಬೇಡಿ, ಅಳತೆ ಸಮೇತ ಬೇರೆ ಬೇರೆ ಐಟಂ ಆಗಿ ಬರೆಯಿರಿ. ದುಡ್ಡು ಕಡಿಮೆ ಬಿದ್ದಾಗ ಮೊದಲು ಕತ್ತರಿ ಬೀಳುವುದು 'ಇತರೆ'ಗೆ.