‘ನೈಸ್’ ಎಂಬ ಪದ ಪೆದ್ದುತನದಿಂದ ಒಳ್ಳೆಯತನಕ್ಕೆ ಬಂದ ದಾರಿ

ಹಳೆಯ ತೀರ್ಪೊಂದರಲ್ಲಿ ಬರುವ ‘ಎ ನೈಸ್ ಪಾಯಿಂಟ್ ಆಫ್ ಲಾ’ ಎಂಬುದನ್ನು ‘ಕಾನೂನಿನ ಒಳ್ಳೆಯ ಅಂಶ’ ಎಂದು ಅನುವಾದಿಸಿದರೆ ಅರ್ಥ ಅಲ್ಲೇ ಕೆಟ್ಟಿತು. ಅಲ್ಲಿ ಹೇಳುತ್ತಿರುವುದು ಕೂದಲೆಳೆಯಷ್ಟು ವ್ಯತ್ಯಾಸದ ಮೇಲೆ ನಿಂತಿರುವ ಸೂಕ್ಷ್ಮ ಪ್ರಶ್ನೆಯನ್ನು. ಅದಕ್ಕೂ ಒಳ್ಳೆಯದು ಕೆಟ್ಟದ್ದಕ್ಕೂ ಸಂಬಂಧವಿಲ್ಲ.

ಪದದ ಮೂಲ ಲ್ಯಾಟಿನ್ನಿನ ‘ನೆಸ್ಕಿಯಸ್’. ‘ನೆ’ ಎಂದರೆ ಇಲ್ಲ, ‘ಸ್ಕೀರೆ’ ಎಂದರೆ ತಿಳಿಯುವುದು. ಒಟ್ಟಿಗೆ, ಏನೂ ತಿಳಿಯದವನು. ‘ಸೈನ್ಸ್’ ಹುಟ್ಟಿದ್ದೂ ಇದೇ ‘ಸ್ಕೀರೆ’ಯಿಂದ. ಹಾಗಾಗಿ ಸೈನ್ಸ್ ಮತ್ತು ನೈಸ್ ದಾಯಾದಿಗಳು! ಹಳೆಯ ಫ್ರೆಂಚನ್ನು ಹಾದು 1300ರ ಆಸುಪಾಸಿನಲ್ಲಿ ಇಂಗ್ಲಿಷಿಗೆ ಬಂದಾಗ ಅರ್ಥ ‘ಪೆದ್ದ’ ಎಂದೇ ಇತ್ತು. 14ನೇ ಶತಮಾನದ ಇಂಗ್ಲಿಷ್ ಕವಿ ಚಾಸರ್‌ನ ಸಾಲಿನಲ್ಲಿ ಯಾರಾದರೂ ನೈಸ್ ಆಗಿದ್ದರೆ ಹೊಗಳಿಕೆ ಎಂದುಕೊಳ್ಳುವ ಮುನ್ನ ಎರಡು ಸಲ ಓದಬೇಕು.

ಆಮೇಲಿನ ಜಾರಿಕೆ ಒಂದೊಂದೇ ಮೆಟ್ಟಿಲು. ಪೆದ್ದನಿಂದ ಅಳ್ಳೆದೆಯ ನಾಜೂಕಿನವನು, ನಾಜೂಕಿನವನಿಂದ ಎಲ್ಲದಕ್ಕೂ ಮೂಗು ಮುರಿಯುವವನು. ಮೂಗು ಮುರಿಯುವವನ ಕಣ್ಣಿಗೆ ಸಣ್ಣ ಸಣ್ಣ ವ್ಯತ್ಯಾಸವೂ ಬೀಳುತ್ತದಲ್ಲ, ಅಲ್ಲಿಂದ ‘ನಿಖರ’. ನಡುವೆ ‘ಕ್ಷುಲ್ಲಕ’ ಎಂಬ ಕವಲೂ ಒಡೆಯಿತು: ‘ರೋಮಿಯೋ ಅಂಡ್ ಜೂಲಿಯೆಟ್’ನಲ್ಲಿ ತಲುಪದೇ ಉಳಿದ ಪತ್ರ ‘ನೈಸ್’ ಆಗಿರಲಿಲ್ಲ ಎಂದರೆ ಅದೇನು ಸಾಧಾರಣ ಪತ್ರವಲ್ಲ ಎಂದರ್ಥ. 1755ರ ಸ್ಯಾಮ್ಯುಯೆಲ್ ಜಾನ್ಸನ್ ನಿಘಂಟಿನಲ್ಲೂ ಈ ಪದಕ್ಕೆ ಮೊದಲ ಅರ್ಥ ಅತಿಸೂಕ್ಷ್ಮ ನಿಖರತೆಯೇ.

‘ಹಿತವಾದ’ ಎಂಬ ಇಂದಿನ ಅರ್ಥ ಬಳಕೆಗೆ ಬಿದ್ದದ್ದು 18ನೇ ಶತಮಾನದ ಉತ್ತರಾರ್ಧದಲ್ಲಿ. ಬಿದ್ದದ್ದೇ ತಡ, ಎಲ್ಲದಕ್ಕೂ ಅದೇ. 1817ರ ಕೊನೆಯಲ್ಲಿ ಹೊರಬಂದ ಜೇನ್ ಆಸ್ಟೆನ್‌ರ ‘ನಾರ್ತ್ಯಾಂಗರ್ ಆ್ಯಬಿ’ಯಲ್ಲಿ ನಾಯಕಿ ಒಂದು ಕಾದಂಬರಿಯನ್ನು ‘ನೈಸೆಸ್ಟ್’ ಎನ್ನುತ್ತಾಳೆ. ಕಥಾನಾಯಕ ಹೆನ್ರಿ ಬಿಡುವುದಿಲ್ಲ: ಅಚ್ಚುಕಟ್ಟಾಗಿದೆ ಎನ್ನುತ್ತಿದ್ದೀರೇನೋ, ಹಾಗಿದ್ದರೆ ಅದು ರಟ್ಟು ಕಟ್ಟಿದವನ ಕೈಚಳಕ ಎಂದು ಛೇಡಿಸುತ್ತಾನೆ. ಹಳೆಯ ಅರ್ಥ ಇನ್ನೂ ಜೀವಂತವಾಗಿದ್ದಕ್ಕೇ ಆ ತಮಾಷೆ ನಡೆಯಿತು.

ಸಮಾನಾರ್ಥಕಗಳ ಪಟ್ಟಿ ಎಡವುವುದು ಇಲ್ಲಿಯೇ. ‘ಕೈಂಡ್’, ‘ಪ್ಲೆಸೆಂಟ್’, ‘ಪೊಲೈಟ್’, ‘ಗುಡ್’ ಎಲ್ಲವನ್ನೂ ಒಂದೇ ಸಾಲಿನಲ್ಲಿ ಕೊಟ್ಟುಬಿಡುತ್ತಾರೆ. ಆದರೆ ‘ಕೈಂಡ್’ ಮನಸ್ಸಿನ ದಯೆ, ‘ಪೊಲೈಟ್’ ನಡವಳಿಕೆ, ‘ಪ್ಲೆಸೆಂಟ್’ ನಮಗಾದ ಅನುಭವ, ‘ಗುಡ್’ ನಡತೆಯ ತೂಕ. ನೈಸ್ ಎಲ್ಲವನ್ನೂ ತುಸು ತುಸು ಸವರಿ ಯಾವುದನ್ನೂ ಪೂರ್ತಿ ಹೇಳುವುದಿಲ್ಲ. ಒಬ್ಬರ ಬರವಣಿಗೆಗೆ ಬರೀ ನೈಸ್ ಎಂದರೆ ಬೇರೇನೂ ಹೊಳೆಯಲಿಲ್ಲ ಎಂದೂ ಆಗಬಹುದು.

ಅನುವಾದಿಸುವಾಗ ಪಕ್ಕದ ಪದ ನೋಡಿ. ‘ಪಾಯಿಂಟ್’, ‘ಡಿಸ್ಟಿಂಕ್ಷನ್’ ಇದ್ದರೆ ಸೂಕ್ಷ್ಮ. ‘ನೈಸ್ ಅಂಡ್ ವಾರ್ಮ್’ ಎಂದಿದ್ದರೆ ‘ಅಂಡ್’ ಅನ್ನು ‘ಮತ್ತು’ ಮಾಡಬೇಡಿ. ‘ಹದವಾಗಿ ಬೆಚ್ಚಗಿದೆ’ ಸಾಕು. ‘ಎ ನೈಸ್ ಮೆಸ್’ ಕೊಂಕು, ‘ಚೆನ್ನಾಗಿ ಎಡವಟ್ಟು ಮಾಡಿದ್ದೀರಿ’ ಎಂಬ ಧಾಟಿ. ನಾಮಪದದಲ್ಲೂ ಎರಡು ದಾರಿ: ‘ನೈಸ್‌ನೆಸ್’ ಹೊಸ ಅರ್ಥದ್ದು, ‘ನೈಸಿಟಿ’ ಹಳೆಯದು.

ಯುನಿಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯಿರುವ ಕಂಪ್ಯೂಟರಿನಲ್ಲೂ ‘ನೈಸ್’ ಎಂಬ ಆಜ್ಞೆಯಿದೆ, ಪ್ರೋಗ್ರಾಂ ಒಂದರ ಆದ್ಯತೆಯನ್ನು ಅಂಕಿಯಲ್ಲಿ ಹೇಳುವುದಕ್ಕೆ. ಯುನಿಕ್ಸ್ ಮಾದರಿಯದೇ ಆದ ಲಿನಕ್ಸಿನಲ್ಲಿ ಈ ಅಂಕಿ -20ರಿಂದ 19ರವರೆಗೆ. ಅಂಕಿ ಹೆಚ್ಚಾದಷ್ಟೂ ಆ ಪ್ರೋಗ್ರಾಂ ಸರದಿಯಲ್ಲಿ ಹಿಂದೆ ಸರಿದು ಉಳಿದವಕ್ಕೆ ದಾರಿ ಬಿಡುತ್ತದೆ. ಹೆಚ್ಚು ಎಂದರೆ ಹೆಚ್ಚು ಆದ್ಯತೆ ಎಂದುಕೊಂಡು ತಿರುಗುಮುರುಗು ಮಾಡುವವರೂ ಇದ್ದಾರೆ.

ಇನ್ನು ಕನ್ನಡದ ನೈಸ್ ಬೇರೆಯೇ. ‘ಪುಡಿ ನೈಸಾಗಿರಲಿ’ ಎಂದರೆ ನುಣ್ಣಗಿರಲಿ. ‘ನೈಸಾಗಿ ಜಾರಿಕೊಂಡ’ ಎಂದರೆ ಯಾರಿಗೂ ಸುಳಿವು ಕೊಡದೆ ಹೋದ. ಹುಟ್ಟಿನಲ್ಲಿ ನಂಟಿಲ್ಲದಿದ್ದರೂ ದನಿ ಹೋಲುವ ನಮ್ಮ ‘ನಯ’ ಇದನ್ನು ತನ್ನತ್ತ ಎಳೆದುಕೊಂಡಿರಬಹುದು ಎಂಬುದು ನಮ್ಮ ಊಹೆ. ಅದಕ್ಕೂ ಇದೇ ಹರವು: ನಯವಾದ ಬಟ್ಟೆ, ನಯವಾದ ಮಾತು, ಕೊನೆಗೆ ನಯವಂಚಕ.