ಹನ್ನೆರಡು ಸಲ ಒಂದೊಂದೋ, ಒಂದೇ ಸಲ ಹನ್ನೆರಡೋ?

ಪ್ರಶ್ನೆ: ದಾನಕ್ಕೆಂದು ತಿಂಗಳಿಗೆ ಅಲ್ಪಸ್ವಲ್ಪ ಎತ್ತಿಡಬಲ್ಲೆ, ಅಷ್ಟೇ. ಆನ್‌ಲೈನ್‌ನಲ್ಲಿ ಕೊಟ್ಟರೆ ಅದು ಸೇರಬೇಕಾದವರಿಗೆ ಸೇರುತ್ತದೆಯೇ, ದಾರಿಯಲ್ಲೇ ಕರಗಿಹೋಗುತ್ತದೆಯೇ?

ಉತ್ತರ: ಕರಗುತ್ತದೆ. ಎಷ್ಟು ಎನ್ನುವುದು ಬಹುಮಟ್ಟಿಗೆ ನಿಮ್ಮ ಕೈಯಲ್ಲೇ ಇದೆ.

ಕಾರ್ಡ್ ಮೂಲಕ ಕೊಟ್ಟ ಹಣಕ್ಕೆ ಸಾಮಾನ್ಯವಾಗಿ ಎರಡು ಕಡೆ ಕತ್ತರಿ ಬೀಳುತ್ತದೆ: ಮೊತ್ತದಲ್ಲಿ ಶೇಕಡಾ ಇಷ್ಟು, ಜೊತೆಗೆ ಪ್ರತಿ ಪಾವತಿಗೂ ಒಂದು ನಿಗದಿತ ಶುಲ್ಕ. ಅಮೆರಿಕದಲ್ಲಿ ಗೋಫಂಡ್‌ಮಿ ಎಂಬ ಆನ್‌ಲೈನ್ ದಾನಸಂಗ್ರಹ ವೇದಿಕೆ ಹಿಡಿಯುವುದು ಶೇ 2.9 ಮತ್ತು 30 ಸೆಂಟ್. ಸಣ್ಣ ದಾನವನ್ನು ನುಂಗುವುದು ಈ 30 ಸೆಂಟೇ. ತಿಂಗಳಿಗೊಂದು ಡಾಲರಿನಂತೆ ವರ್ಷವಿಡೀ ಕೊಟ್ಟರೆ ಹನ್ನೆರಡರಲ್ಲಿ ಹತ್ತಿರಹತ್ತಿರ ನಾಲ್ಕು ಡಾಲರ್ ಶುಲ್ಕಕ್ಕೇ ಹೋಯಿತು. ಅದೇ ಹನ್ನೆರಡನ್ನು ಒಟ್ಟಿಗೆ ಕೊಟ್ಟರೆ ಹೋಗುವುದು 65 ಸೆಂಟ್. ಹತ್ತು ಕಡೆ ಚೂರುಚೂರು ಹಂಚುವ ಬದಲು ಕೂಡಿಟ್ಟು ಒಂದೆರಡು ಕಡೆ ಕೊಡಿ. ಸಂಸ್ಥೆಗಳಿಗೇನೋ ತಿಂಗಳ ದಾನವೇ ಇಷ್ಟ, ಮುಂದಿನ ಖರ್ಚು ಲೆಕ್ಕಹಾಕಲು ಅನುಕೂಲ. ನಿಗದಿತ ಶುಲ್ಕವಿಲ್ಲದ ಬ್ಯಾಂಕ್ ವರ್ಗಾವಣೆ ಇದ್ದರೆ ಧಾರಾಳವಾಗಿ ತಿಂಗಳಿಗೊಮ್ಮೆಯೇ ಕೊಡಿ.

ಪಾವತಿಯ ಪುಟದಲ್ಲಿ ‘ಟಿಪ್’ ಎಂಬ ಸಾಲನ್ನೂ ಗಮನಿಸಿ. ಅದು ಹೋಗುವುದು ವೇದಿಕೆಗೆ, ಕಷ್ಟದಲ್ಲಿರುವವರಿಗಲ್ಲ. ಎಷ್ಟೋ ಕಡೆ ನೀವು ಕೇಳದೆಯೇ ಅಲ್ಲೊಂದು ಅಂಕಿ ತುಂಬಿರುತ್ತದೆ. ಸೊನ್ನೆ ಮಾಡಿದರೆ ದಾನವೇನೂ ನಿಲ್ಲುವುದಿಲ್ಲ.

ಕೈಯಿಂದ ಬಿಡಿಗಾಸು ಬಿಚ್ಚದ ದಾರಿಗಳೂ ಉಂಟು. ಆನ್‌ಲೈನ್ ಅಂಗಡಿ ಅಮೆಜಾನ್‌ನ ‘ಸ್ಮೈಲ್’ ಯೋಜನೆ 2013ರಿಂದ ನಿಮ್ಮ ಖರೀದಿಯ ಶೇ 0.5ರಷ್ಟನ್ನು ನೀವು ಹೇಳಿದ ಸಂಸ್ಥೆಗೆ ಕೊಡುತ್ತಿತ್ತು. 2023ರಲ್ಲಿ ಕಂಪನಿ ಅದನ್ನು ಮುಚ್ಚಿತು. 200 ಡಾಲರ್ ಖರೀದಿಗೆ ಒಂದು ಡಾಲರ್ ದಾನ! ಇಂಥವು ಇದ್ದರೆ ಇರಲಿ, ಅವನ್ನೇ ನೆಚ್ಚಿ ಕೂರಬೇಡಿ.

ಇನ್ನು ಸಾಲ ಬೇಕಾದವರ ಫೋಟೊ ತೋರಿಸುವ ತಾಣಗಳ ವಿಷಯ. 2005ರಲ್ಲಿ ಶುರುವಾದ ಕಿವಾ ಎಂಬ ಅಂಥ ತಾಣದಲ್ಲಿ 25 ಡಾಲರಿನಿಂದ ಯಾರಿಗಾದರೂ ಸಾಲ ಕೊಡಬಹುದು. ಅಸಲು ಸಾಮಾನ್ಯವಾಗಿ ಬರುತ್ತದೆ, ನಿಮಗೆ ಬಡ್ಡಿ ಇಲ್ಲ. ಆದರೆ ಫೋಟೊ ನೋಡಿ ನೀವು ಆರಿಸಿದ, ಹೊಲಿಗೆಯಾಕೆ ಎಂದಿಟ್ಟುಕೊಳ್ಳಿ, ಆಕೆಗೆ ಬಹುತೇಕ ಸಲ ಸ್ಥಳೀಯ ಸಂಸ್ಥೆ ಮುಂಚೆಯೇ ಸಾಲ ಕೊಟ್ಟಿರುತ್ತದೆ. ನಿಮ್ಮ ಹಣ ಆ ಸಂಸ್ಥೆ ಕೊಟ್ಟ ಸಾಲವನ್ನು ಅದಕ್ಕೆ ತುಂಬಿಕೊಡುತ್ತದೆ. ಕಿವಾ ಇದನ್ನು ಮುಚ್ಚಿಟ್ಟಿಲ್ಲ, ಓದುವ ವ್ಯವಧಾನ ಬೇಕಷ್ಟೆ. ಸಾಲಗಾರರಿಗೆ ಆ ಸಂಸ್ಥೆ ಹಾಕುವ ಬಡ್ಡಿ ಎಷ್ಟೆಂಬ ಮಾಹಿತಿಯೂ ಅಲ್ಲೇ ಇರುತ್ತದೆ. ನಾನಾದರೆ ಫೋಟೊಗಿಂತ ಮೊದಲು ಅದನ್ನು ನೋಡುತ್ತೇನೆ.